ಕುದುರೆ ಹಗುರ ಮಾಡುವ ಮುನ್ನ

ಅರೆಸ್ವಯಂಚಾಲಿತ ರೈಫಲ್‌ನ ಟ್ರಿಗರ್, ಅಂದರೆ ಕುದುರೆ, ಸುಧಾರಿಸುವ ಬಗ್ಗೆ ಬಂದಿರುವ ಪ್ರಶ್ನೆಗಳಿಗೆ ಈ ಸಲದ ಅಂಕಣದಲ್ಲಿ ಒಟ್ಟಾಗಿ ಉತ್ತರಿಸಿದ್ದೇವೆ. ಆಯುಧದ ಬಿಡಿಭಾಗ ಬದಲಾಯಿಸಲು ಯಾವ ಅನುಮತಿ ಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಭಾಗ ತರಿಸುವ ಮೊದಲು ನಿಮ್ಮ ಪರವಾನಗಿಯ ನಿಯಮ ಓದಿಕೊಳ್ಳಿ.

ಪ್ರಶ್ನೆ: ನನ್ನ ಎಆರ್-15 ಮಾದರಿಯ ರೈಫಲ್‌ನ ಟ್ರಿಗರ್ ಬಹಳ ಬಿಗಿ. ಹಗುರವಾದದ್ದು ಹಾಕಿದರೆ ಗುಂಡುಗಳು ಹತ್ತಿರ ಹತ್ತಿರ ಬೀಳುತ್ತವೆಯೇ?

ಉತ್ತರ: ನಳಿಕೆಯ ನಿಖರತೆ ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಬೆರಳು ಎಳೆಯುವಾಗ ರೈಫಲ್ ಅಲುಗುವುದು ಮಾತ್ರ ಕಡಿಮೆಯಾಗುತ್ತದೆ. ಆದರೆ ಅದೇ ದೊಡ್ಡ ಲಾಭ. ಮಿಲಿಟರಿ ಅಳತೆಯ ಸಾಮಾನ್ಯ ಟ್ರಿಗರ್‌ಗೆ ಸುಮಾರು 2.5ರಿಂದ 4 ಕೆಜಿ ಎಳೆತ ಬೇಕು. ರೈಫಲ್‌ನ ತೂಕವೇ ಮೂರು ಕೆಜಿ ಆಸುಪಾಸು. ತನ್ನ ತೂಕದಷ್ಟೇ ಬಲ ಒಂದು ಬೆರಳಿನಿಂದ ಪಕ್ಕದಲ್ಲಿ ಬಿದ್ದರೆ ನಳಿಕೆಯ ತುದಿ ನೆಟ್ಟಗೆ ನಿಲ್ಲುವುದು ಕಷ್ಟ.

ಆದರೆ ತೂಕ ಒಂದನ್ನೇ ನೋಡಬೇಡಿ. ಟ್ರಿಗರ್ ಎಳೆಯುವಾಗ ಬೆರಳಿಗೆ ನಾಲ್ಕು ಸಂಗತಿ ತಿಳಿಯುತ್ತವೆ: ಮೊದಲ ಸಡಿಲ ಚಲನೆ, ನಂತರ ಗೋಡೆಗೆ ತಾಗಿದಂತೆ ನಿಲ್ಲುವ ಜಾಗ, ಅಲ್ಲಿಂದ ಹ್ಯಾಮರ್ (ಗುಂಡು ಹಾರಿಸಲು ಏಟು ಕೊಡುವ ಸುತ್ತಿಗೆಯಂಥ ಭಾಗ) ಕಳಚುವವರೆಗಿನ ಕರಕರ ಜಾರಾಟ, ಕಳಚಿದ ಮೇಲೂ ಬೆರಳು ಹಿಂದೆ ಹೋಗುವ ದೂರ. ಮೂರನೆಯದಕ್ಕೆ ಕ್ರೀಪ್ ಎನ್ನುತ್ತಾರೆ, ನಾಲ್ಕನೆಯದಕ್ಕೆ ಓವರ್‌ಟ್ರಾವೆಲ್. ಗುರಿ ಕೆಡಿಸುವುದು ಹೆಚ್ಚಾಗಿ ಕ್ರೀಪ್. ಎರಡು ಕೆಜಿಯದಾದರೂ ಗಾಜಿನ ಕಡ್ಡಿ ಮುರಿದಂತೆ ಕಳಚುವ ಟ್ರಿಗರ್, ಒಂದೂವರೆ ಕೆಜಿಯ ಮರಳು ಮರಳಾದ ಟ್ರಿಗರ್‌ಗಿಂತ ಎಷ್ಟೋ ಮೇಲು.

ಖರ್ಚು ಮಾಡುವ ಮೊದಲು ಅಳೆಯಿರಿ. ಟ್ರಿಗರ್ ಗೇಜ್‌ನ (ಎಳೆತ ಅಳೆಯುವ ತಕ್ಕಡಿಯ) ಕೊಕ್ಕೆಯನ್ನು ಟ್ರಿಗರ್‌ನ ಬಾಗಿನ ನಟ್ಟನಡುವೆ ಇಟ್ಟು, ನಳಿಕೆಗೆ ಸಮಾನಾಂತರವಾಗಿ ನಿಧಾನ ಎಳೆಯಿರಿ. ಕೊಕ್ಕೆ ತುದಿಗೆ ಜಾರಿದರೆ ತೂಕ ಕಡಿಮೆ ತೋರಿಸುತ್ತದೆ. ಹತ್ತು ಸಲ ಎಳೆದು ಸರಾಸರಿ ತೆಗೆಯಿರಿ. ಸರಾಸರಿಗಿಂತಲೂ ಹೆಚ್ಚು ಮಾತಾಡುವುದು ಹತ್ತರಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ತೂಕದ ನಡುವಿನ ಅಂತರ. ಅದು 200 ಗ್ರಾಂ ದಾಟಿದರೆ ಟ್ರಿಗರ್ ಒಂದೊಂದು ಸಲ ಒಂದೊಂದು ಜಾಗದಲ್ಲಿ ಕಳಚುತ್ತಿದೆ ಎಂದರ್ಥ. ಅಂಥದ್ದನ್ನು ಬದಲಾಯಿಸುವುದೇ ಸರಿ.

ಪ್ರಶ್ನೆ: ಸಿಂಗಲ್ ಸ್ಟೇಜ್ ತೆಗೆದುಕೊಳ್ಳಲೋ, ಟೂ ಸ್ಟೇಜ್ ತೆಗೆದುಕೊಳ್ಳಲೋ?

ಉತ್ತರ: ಸಿಂಗಲ್ ಸ್ಟೇಜ್‌ನಲ್ಲಿ ಬೆರಳು ನೇರವಾಗಿ ಗೋಡೆಗೆ ತಾಗುತ್ತದೆ, ಟೂ ಸ್ಟೇಜ್‌ನಲ್ಲಿ ಎಳೆತ ಎರಡು ಹಂತಗಳಲ್ಲಿ ಹಂಚಿರುತ್ತದೆ. ಕುಳಿತು, ಮಲಗಿ, ಸಮಯ ತೆಗೆದುಕೊಂಡು ಗುರಿಯಿಡುವವರಿಗೆ ಟೂ ಸ್ಟೇಜ್. ಉದಾಹರಣೆಗೆ ಒಟ್ಟು ಎರಡು ಕೆಜಿಯಲ್ಲಿ ಮೊದಲ ಹಂತಕ್ಕೆ ಒಂದು ಕೆಜಿಗಿಂತ ಸ್ವಲ್ಪ ಹೆಚ್ಚು ಹೋಗುತ್ತದೆ, ಗೋಡೆ ಸಿಕ್ಕ ಮೇಲೆ ಉಳಿಯುವುದು ಸುಮಾರು 900 ಗ್ರಾಂ. ಕೊನೆಯ ಗಳಿಗೆಯಲ್ಲಿ ಬೆರಳಿಗೆ ಕೆಲಸ ಕಡಿಮೆ, ಆದರೂ ಒಟ್ಟು ತೂಕ ಸುರಕ್ಷಿತ ಮಟ್ಟದಲ್ಲೇ ಇರುತ್ತದೆ. ಬೇಗ ಬೇಗ ಗುರಿ ಬದಲಿಸುವ ಸ್ಪರ್ಧೆಗಳಲ್ಲಿ ಸಿಂಗಲ್ ಸ್ಟೇಜ್ ಇಷ್ಟಪಡುವವರೇ ಹೆಚ್ಚು. ಮೊದಲ ಸಲ ಬದಲಾಯಿಸುವವರಿಗೆ ನಮ್ಮ ಸಲಹೆ ಟೂ ಸ್ಟೇಜ್, ಒಟ್ಟು 1.8ರಿಂದ 2 ಕೆಜಿ.

ಸ್ಪರ್ಧೆಗೆ ಹೋಗುವವರು ನಿಯಮ ನೋಡಿಯೇ ಕೊಳ್ಳಬೇಕು. ಅಮೆರಿಕದ ಸರ್ವಿಸ್ ರೈಫಲ್ (ಸೇನಾ ಮಾದರಿ ರೈಫಲ್) ಸ್ಪರ್ಧೆಗಳಲ್ಲಿ ಟ್ರಿಗರ್ ತೂಕ ಕನಿಷ್ಠ 4.5 ಪೌಂಡ್, ಅಂದರೆ ಎರಡು ಕೆಜಿಗಿಂತ ತುಸು ಹೆಚ್ಚು. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ (ಐಎಸ್‌ಎಸ್‌ಎಫ್) 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್‌ಗೆ ಕನಿಷ್ಠ 1500 ಗ್ರಾಂ. ಹೊಸದಾಗಿ ಕೊಂಡಾಗ ಸರಿಯಾಗಿ ಗೆರೆಯ ಮೇಲಿದ್ದ ಟ್ರಿಗರ್ ಬಳಸುತ್ತಾ ಬಳಸುತ್ತಾ ನಯವಾಗಿ ಗೆರೆಯ ಕೆಳಗಿಳಿಯುತ್ತದೆ. ಹಾಗಾಗಿ ಕನಿಷ್ಠಕ್ಕಿಂತ 100–150 ಗ್ರಾಂ ಮೇಲೆಯೇ ಇಟ್ಟುಕೊಳ್ಳಿ.

ಪ್ರಶ್ನೆ: ಹೊಸ ಟ್ರಿಗರ್ ಕೊಳ್ಳುವ ಬದಲು ಇರುವುದನ್ನೇ ಸಣ್ಣ ಅರ, ಪಾಲಿಶ್ ಕಾಗದದಲ್ಲಿ ಉಜ್ಜಬಹುದೇ? ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿದರೆ?

ಉತ್ತರ: ಎರಡೂ ಬೇಡ.

ಒಳಗೆ ಆಗುವುದನ್ನು ಹತ್ತಿರದಿಂದ ನೋಡಿ. ಹ್ಯಾಮರ್‌ನ ಬುಡದಲ್ಲೊಂದು ಕಚ್ಚು ಇದೆ. ಟ್ರಿಗರ್‌ನ ಮುಂದಿನ ಮೂತಿ, ಅದನ್ನೇ ಸಿಯರ್ ಎನ್ನುವುದು, ಆ ಕಚ್ಚಿಗೆ ಒತ್ತಿ ನಿಂತಿರುತ್ತದೆ. ನಡುವೆ ತಾಗಿರುವ ಉಕ್ಕು ಉಗುರಿನ ಅಂಚಿನಷ್ಟು ಅಗಲ. ಸ್ಪ್ರಿಂಗ್‌ನ ಪೂರ್ತಿ ಬಲ ಹೊತ್ತಿರುವುದು ಅಷ್ಟೇ ಜಾಗ. ಅಲ್ಲಿನ ಗಡಸುತನ ಅನೇಕ ಭಾಗಗಳಲ್ಲಿ ಮೇಲಿನ ತೆಳು ಪದರದಲ್ಲಿ ಮಾತ್ರ. ಅರ ಆಡಿಸಿದರೆ ಪದರ ಹೋಗಿ ಒಳಗಿನ ಮೆದು ಉಕ್ಕು ಹೊರಬರುತ್ತದೆ. ಮೊದಲ ವಾರ ಬೆಣ್ಣೆಯಂತೆ ಕಳಚುತ್ತದೆ, ಕೆಲವು ನೂರು ಗುಂಡುಗಳಾದ ಮೇಲೆ ಅಂಚು ಸವೆದು ದುಂಡಾಗುತ್ತದೆ. ಕೋನ ಒಂದೆರಡು ಡಿಗ್ರಿ ತಪ್ಪಿದರೂ ಹಿಡಿತ ತನ್ನಷ್ಟಕ್ಕೆ ಜಾರಲು ಶುರುವಾಗುತ್ತದೆ. ಆಮೇಲೆ ರೈಫಲ್ ಕೈತಪ್ಪಿ ನೆಲಕ್ಕೆ ಬಿದ್ದರೆ ಸಾಕು, ಗುಂಡು ಹಾರಬಹುದು.

ಇನ್ನೊಂದು ಭಾಗ ಡಿಸ್‌ಕನೆಕ್ಟರ್. ಗುಂಡು ಹಾರಿ ಬೋಲ್ಟ್ (ನಳಿಕೆಯ ಹಿಂಬಾಯಿ ಮುಚ್ಚುವ ಭಾಗ) ಹಿಂದೆ ಹೋಗಿ ಹ್ಯಾಮರ್‌ನ್ನು ಹಿಂದಕ್ಕೆ ಮಲಗಿಸಿದಾಗ, ಅಂದರೆ ಮತ್ತೆ ಏಟಿಗೆ ಸಜ್ಜು ಮಾಡಿದಾಗ, ನಿಮ್ಮ ಬೆರಳು ಇನ್ನೂ ಟ್ರಿಗರ್ ಒತ್ತಿಕೊಂಡೇ ಇರುತ್ತದೆ. ಆಗ ಹ್ಯಾಮರ್‌ನ್ನು ಹಿಡಿದಿಡುವುದು ಡಿಸ್‌ಕನೆಕ್ಟರ್‌ನ ಕೊಕ್ಕೆ. ಬೆರಳು ಬಿಟ್ಟಾಗ ಅದು ಹ್ಯಾಮರ್‌ನ್ನು ಸಿಯರ್‌ಗೆ ಒಪ್ಪಿಸುತ್ತದೆ. ಈ ಕೈಬದಲಾವಣೆ ತಪ್ಪಿದರೆ ಒಂದೇ ಎಳೆತಕ್ಕೆ ಎರಡು ಗುಂಡು ಹಾರುತ್ತವೆ. ಆ ರೈಫಲ್ ನಿಮಗೂ ಪಕ್ಕದವರಿಗೂ ಅಪಾಯ, ಕಾನೂನಿನ ಕಣ್ಣಲ್ಲೂ ಬೇರೆಯೇ ವಸ್ತುವಾಗಬಹುದು. ಈ ಭಾಗಕ್ಕೆ ಯಾವ ಕಾರಣಕ್ಕೂ ಅರ ಮುಟ್ಟಿಸಬಾರದು.

ಹ್ಯಾಮರ್ ಸ್ಪ್ರಿಂಗ್ ಕತ್ತರಿಸಿದರೆ ಪ್ರೈಮರ್ (ಗುಂಡಿನ ಬುಡದಲ್ಲಿ ಏಟಿಗೆ ಕಿಡಿ ಹೊತ್ತಿಸುವ ಪುಟ್ಟ ಮುಚ್ಚಳ) ಮೇಲಿನ ಏಟು ದುರ್ಬಲವಾಗುತ್ತದೆ. ಮಿಲಿಟರಿ ಗುಂಡುಗಳ ಪ್ರೈಮರ್ ಗಡಸು, ಅದರಲ್ಲಿ ಬೇಗ ಗೊತ್ತಾಗುತ್ತದೆ: ಗುಳಿ ಬಿದ್ದಿರುತ್ತದೆ, ಗುಂಡು ಹಾರಿರುವುದಿಲ್ಲ. ಕಡಿಮೆ ಬಲದ ಸ್ಪ್ರಿಂಗ್ ಬೇಕೆಂದೇ ಇದ್ದರೆ ಅದಕ್ಕಾಗಿಯೇ ತಯಾರಿಸಿದ ಜೋಡಿ ಕೊಳ್ಳಿ, ಟ್ರಿಗರ್ ಸ್ಪ್ರಿಂಗ್ ಮಾತ್ರ ಬದಲಾಯಿಸಿ, ಹ್ಯಾಮರ್‌ಗೆ ಮೂಲದ್ದನ್ನೇ ಉಳಿಸಿ. ಖರ್ಚಿಲ್ಲದ ಇನ್ನೊಂದು ದಾರಿಯೂ ಇದೆ. ಸಿಯರ್ ತಾಗುವ ಜಾಗವನ್ನು ತೊಳೆದು, ಒಣಗಿಸಿ, ಬೆಂಕಿಕಡ್ಡಿಯ ತುದಿಯಷ್ಟು ಗ್ರೀಸ್ ಹಚ್ಚಿ, ಚೇಂಬರ್ (ನಳಿಕೆಯಲ್ಲಿ ಗುಂಡು ಕೂರುವ ಜಾಗ) ಖಾಲಿಯಿಟ್ಟು ಇನ್ನೂರು ಸಲ ಎಳೆಯಿರಿ. ಕರಕರ ಎಷ್ಟೋ ಇಳಿದಿರುತ್ತದೆ.

ಪ್ರಶ್ನೆ: ಎಆರ್ ಮಾದರಿಯಲ್ಲಿ ಟ್ರಿಗರ್ ನಾವೇ ಬದಲಾಯಿಸಬಹುದೇ? ಕ್ರಮ ತಿಳಿಸಿ.

ಉತ್ತರ: ತಾಳ್ಮೆ ಇದ್ದರೆ ಬದಲಾಯಿಸಬಹುದು, ಅರ್ಧ ಗಂಟೆಯ ಕೆಲಸ. ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ಹಿಂದೆಳೆದು ಚೇಂಬರ್ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಚಿತ ಮಾಡಿಕೊಳ್ಳಿ. ಗುಂಡುಗಳು ಆ ಕೋಣೆಯಲ್ಲೇ ಇರಬಾರದು.

ನಳಿಕೆ, ಬೋಲ್ಟ್ ಇರುವ ಮೇಲಿನ ಭಾಗ ಬಿಡಿಸಿಟ್ಟ ಮೇಲೆ ಹ್ಯಾಮರ್‌ನ್ನು ಹೆಬ್ಬೆರಳಲ್ಲಿ ತಡೆದು, ಟ್ರಿಗರ್ ಒತ್ತಿ, ನಿಧಾನವಾಗಿ ಮುಂದಕ್ಕೆ ಬಿಡಿ. ಹಾಗೇ ಬಿಟ್ಟರೆ ಅದು ರಿಸೀವರ್‌ನ (ಟ್ರಿಗರ್ ಕೂರುವ ಚೌಕಟ್ಟಿನ) ಮುಂಗೋಡೆಗೆ, ಬೋಲ್ಟ್ ತಡೆಹಿಡಿಯುವ ಕ್ಯಾಚ್‌ಗೆ ಬಡಿದು ಅಲ್ಯೂಮಿನಿಯಂ ಒಡೆಯಬಹುದು. ಪಿನ್ ಹೊರದಬ್ಬಲು ಹಿತ್ತಾಳೆ ಅಥವಾ ನೈಲಾನ್ ಪಂಚ್ ಬಳಸಿ. ಸಾಮಾನ್ಯ ಪಿನ್‌ನ ವ್ಯಾಸ 0.154 ಇಂಚು. ಕೋಲ್ಟ್‌ನ ಕೆಲವು ಹಳೆಯ ರೈಫಲ್‌ಗಳಲ್ಲಿ 0.170 ಇಂಚಿನದಿದೆ, ಆದ್ದರಿಂದ ತರಿಸುವ ಮೊದಲೇ ಅಳೆದು ನೋಡಿ. ಮೊದಲು ಹ್ಯಾಮರ್‌ನ ಪಿನ್, ನಂತರ ಟ್ರಿಗರ್‌ನ ಪಿನ್. ಹ್ಯಾಮರ್ ಸ್ಪ್ರಿಂಗ್ ಎಗರುತ್ತದೆ, ಕೈಯಿಂದ ಮುಚ್ಚಿಕೊಂಡೇ ತೆಗೆಯಿರಿ.

ಪೆಟ್ಟಿಗೆಯಂತೆ ಒಂದೇ ಕಟ್ಟಾಗಿ ಬರುವ ಕ್ಯಾಸೆಟ್ ಟ್ರಿಗರ್‌ಗಳಿಗೆ ಬಹುಪಾಲು ಸೇಫ್ಟಿ ಸೆಲೆಕ್ಟರ್ (ಟ್ರಿಗರ್‌ಗೆ ತಡೆ ಹಾಕುವ ತಿರುಗಣೆ) ಕೂಡ ಬಿಚ್ಚಬೇಕಾಗುತ್ತದೆ. ಹಿಡಿಕೆಯ ಸ್ಕ್ರೂ ಸಡಿಲಿಸುವಾಗ ರೈಫಲ್ ತಲೆಕೆಳಗಾಗಿಟ್ಟುಕೊಳ್ಳಿ. ಹಿಡಿಕೆಯೊಳಗೆ ಒಂದು ಸಣ್ಣ ಸ್ಪ್ರಿಂಗ್, ಅದರ ತುದಿಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಮೊಳೆ ಇದೆ. ಹಿಡಿಕೆ ಸರಕ್ಕನೆ ಎಳೆದರೆ ಎರಡೂ ನೆಲದ ಪಾಲು.

ಬಿಡಿಬಿಡಿಯಾಗಿ ಕೂಡಿಸುವವರು ಸ್ಪ್ರಿಂಗ್‌ಗಳ ದಿಕ್ಕು ನೆನಪಿಡಿ, ತಪ್ಪಾಗುವುದು ಅಲ್ಲೇ. ಟ್ರಿಗರ್ ಸ್ಪ್ರಿಂಗ್‌ನ ಎರಡು ಕಾಲುಗಳು ಮುಂದಕ್ಕೆ, ರಿಸೀವರ್‌ನ ತಳದ ಮೇಲೆ. ಹ್ಯಾಮರ್ ಸ್ಪ್ರಿಂಗ್‌ನ ಕಾಲುಗಳು ಹಿಂದಕ್ಕೆ, ಟ್ರಿಗರ್ ಪಿನ್‌ನ ಮೇಲೆ. ಅದರಲ್ಲೊಂದು ಕಾಲು ಪಿನ್‌ನ ತುದಿಯ ತೋಡಿನಲ್ಲಿ ಕೂತಿರಬೇಕು. ಪಿನ್ ಪಕ್ಕಕ್ಕೆ ಸರಿಯದಂತೆ ತಡೆಯುವುದು ಅದೇ. ಹ್ಯಾಮರ್ ಪಿನ್‌ನ್ನು ಹಿಡಿಯುವುದು ಹ್ಯಾಮರ್ ಒಳಗಿನ ಪುಟ್ಟ ಜೆ ಆಕಾರದ ಸ್ಪ್ರಿಂಗ್, ಪಿನ್‌ನ ನಡುವಿನ ತೋಡಿನಲ್ಲಿ. ಡಿಸ್‌ಕನೆಕ್ಟರ್ ಸ್ಪ್ರಿಂಗ್‌ನ ಅಗಲವಾದ ತುದಿ ಕೆಳಗೆ, ಟ್ರಿಗರ್‌ನ ಗುಳಿಯೊಳಗೆ. ಟ್ರಿಗರ್ ಮತ್ತು ಡಿಸ್‌ಕನೆಕ್ಟರ್‌ನ್ನು ಒಂದು ತುಂಡು ಪಿನ್‌ನಿಂದ ಮೊದಲೇ ಜೋಡಿಸಿಕೊಂಡು ಇಳಿಸಿದರೆ, ನಿಜವಾದ ಪಿನ್ ಅದನ್ನು ತಳ್ಳಿಕೊಂಡು ತಾನೇ ಒಳಹೋಗುತ್ತದೆ. ಇಲ್ಲದಿದ್ದರೆ ರಂಧ್ರ ಹೊಂದಿಸುವುದರಲ್ಲೇ ಗಂಟೆ ಕಳೆಯುತ್ತದೆ.

ಕ್ಯಾಸೆಟ್‌ನ ತಳದಲ್ಲಿ ಬಿಗಿ ಸ್ಕ್ರೂಗಳಿದ್ದರೆ ಮೃದುವಾಗಿ ತಿರುಗಿಸಿ, ಕದಲದಿರಲು ನೀಲಿ ಥ್ರೆಡ್‌ಲಾಕರ್ ಒಂದು ಹನಿ. ಕೆಂಪು ಹಾಕಿದರೆ ಮತ್ತೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಹನಿ ಹೆಚ್ಚಾಗಿ ಸಿಯರ್‌ಗೆ ಹರಿದರೆ ಟ್ರಿಗರ್ ಅಂಟಿಕೊಳ್ಳುತ್ತದೆ.

ಪ್ರಶ್ನೆ: ಕೂಡಿಸಿದ್ದು ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ನನ್ನದರಲ್ಲಿ ಸೇಫ್ಟಿ ತಿರುಗುತ್ತಲೇ ಇಲ್ಲ.

ಉತ್ತರ: ಮೊದಲು ಹ್ಯಾಮರ್ ಮಲಗಿಸಿ ನೋಡಿ. ಎಆರ್ ಮಾದರಿಯಲ್ಲಿ ಹ್ಯಾಮರ್ ಮುಂದಕ್ಕೆ ಬಿದ್ದಿರುವಾಗ ಸೆಲೆಕ್ಟರ್ ಸೇಫ್‌ಗೆ ತಿರುಗುವುದಿಲ್ಲ, ಅದು ದೋಷವಲ್ಲ. ಹ್ಯಾಮರ್ ಮಲಗಿಸಿದ ಮೇಲೂ ತಿರುಗದಿದ್ದರೆ ಹೊಸ ಟ್ರಿಗರ್‌ನ ಬಾಲ ಸೆಲೆಕ್ಟರ್‌ಗೆ ತಡೆಯಾಗುತ್ತಿದೆ. ಉಜ್ಜಲು ಹೋಗದೆ ಅದನ್ನು ತಯಾರಕರಿಗೆ ವಾಪಸು ಕಳಿಸಿ.

ಪರೀಕ್ಷೆ ಹೀಗೆ, ಮೇಲಿನ ಭಾಗ ಕೂಡಿಸಿ, ಚೇಂಬರ್ ಖಾಲಿಯಿಟ್ಟು. ಹ್ಯಾಮರ್ ಮಲಗಿಸಿ ಸೇಫ್ಟಿ ಹಾಕಿ ಟ್ರಿಗರ್ ಜೋರಾಗಿ ಎಳೆಯಿರಿ, ಏನೂ ಆಗಬಾರದು. ಬೆರಳು ಬಿಟ್ಟು ಸೇಫ್ಟಿ ತೆಗೆಯಿರಿ; ಆಗಲೂ ಹ್ಯಾಮರ್ ಬೀಳಬಾರದು. ಈ ಎರಡನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಈಗ ಎಳೆಯಿರಿ, ಹ್ಯಾಮರ್ ಬೀಳುತ್ತದೆ. ಬೆರಳು ಬಿಡದೆ ಚಾರ್ಜಿಂಗ್ ಹ್ಯಾಂಡಲ್ (ಬೋಲ್ಟ್ ಹಿಂದೆಳೆಯುವ ಹಿಡಿ) ಪೂರ್ತಿ ಹಿಂದೆಳೆದು ಬಿಡಿ. ನಂತರ ಬೆರಳನ್ನು ಕೂದಲು ಕೂದಲಾಗಿ ಸಡಿಲಿಸಿ: ಟಿಕ್ ಎಂಬ ಸಣ್ಣ ಸದ್ದು ಕೇಳಬೇಕು. ಡಿಸ್‌ಕನೆಕ್ಟರ್ ಹ್ಯಾಮರ್‌ನ್ನು ಸಿಯರ್‌ಗೆ ಒಪ್ಪಿಸಿದ ಸದ್ದು ಅದು. ಮತ್ತೆ ಎಳೆದರೆ ಹ್ಯಾಮರ್ ಬೀಳಬೇಕು. ಹತ್ತು ಸಲ ಮಾಡಿ, ಕೆಲವು ಸಲ ಬೆರಳು ಬಹಳ ನಿಧಾನ, ಕೆಲವು ಸಲ ಥಟ್ಟನೆ ಬಿಡಿ. ಕೊನೆಗೆ ಹ್ಯಾಮರ್ ಮಲಗಿಸಿ, ಸೇಫ್ಟಿ ತೆಗೆದು, ರೈಫಲ್‌ನ ಹಿಂಬದಿಯನ್ನು ರಬ್ಬರ್ ಚಾಪೆಯ ಮೇಲೆ ಗೇಣುದ್ದ ಎತ್ತರದಿಂದ ಕುಟ್ಟಿ. ಹ್ಯಾಮರ್ ಬಿದ್ದರೆ ಆ ಟ್ರಿಗರ್ ಬಳಸಬೇಡಿ.

ರೇಂಜ್‌ನಲ್ಲಿ ಮೊದಲ ದಿನ ಮ್ಯಾಗಜೀನ್ ತುಂಬಬಾರದು. ಒಂದೊಂದೇ ಗುಂಡು ಐದು ಸಲ, ಎರಡೆರಡು ಐದು ಸಲ, ಆಮೇಲೆ ಮೂರು. ಒಂದೇ ಎಳೆತಕ್ಕೆ ಎರಡು ಹಾರಿದರೆ ಅಲ್ಲಿಗೇ ನಿಲ್ಲಿಸಿ, ಖಾಲಿ ಮಾಡಿ, ರೈಫಲ್‌ನ್ನು ಗನ್‌ಸ್ಮಿತ್ ಕೈಗೆ ಕೊಡಿ. ಇನ್ನೊಂದು ಸಲ ನೋಡೋಣ ಎನ್ನುವ ಪ್ರಶ್ನೆಯೇ ಇಲ್ಲ.

ಪ್ರಶ್ನೆ: ಹೊಸ ಟ್ರಿಗರ್ ಹಾಕಿದ ಮೇಲೆ ನೂರರಲ್ಲಿ ನಾಲ್ಕೈದು ಗುಂಡು ಹಾರುತ್ತಿಲ್ಲ. ಗುಂಡಿನದೇ ದೋಷವೇ?

ಉತ್ತರ: ಹಾರದ ಗುಂಡಿನ ಪ್ರೈಮರ್ ಗುಳಿಯನ್ನು ಹಾರಿದ್ದರ ಪಕ್ಕ ಇಟ್ಟು ನೋಡಿ. ಗುಳಿ ತೆಳುವಾಗಿದ್ದರೆ ಹ್ಯಾಮರ್ ಸ್ಪ್ರಿಂಗ್ ದುರ್ಬಲ, ಇಲ್ಲವೇ ತಿರುಗುಮುರುಗಾಗಿ ಕೂತಿದೆ, ಇಲ್ಲವೇ ಬೋಲ್ಟ್ ಪೂರ್ತಿ ಮುಚ್ಚುತ್ತಿಲ್ಲ. ಗುಳಿ ಆಳವಾಗಿಯೇ ಇದ್ದರೆ ಗುಂಡಿನ ಮೇಲೆ ಅನುಮಾನಪಡಿ. ಪ್ರೈಮರ್‌ಗೆ ಚುಚ್ಚುವ ಫೈರಿಂಗ್ ಪಿನ್ ಬೋಲ್ಟ್ ಮುಖದಿಂದ 0.028ರಿಂದ 0.036 ಇಂಚು ಹೊರಬರಬೇಕು. 9 ಎಂಎಂ ಗುಂಡಿನ ಬ್ಲೋಬ್ಯಾಕ್ (ಗುಂಡಿನ ಒತ್ತಡವೇ ಬೋಲ್ಟ್‌ನ್ನು ನೇರ ಹಿಂದೆ ತಳ್ಳುವ) ರೈಫಲ್ ನಿಮ್ಮದಾದರೆ ಒಂದು ಎಚ್ಚರಿಕೆ: ಅದರ ಬೋಲ್ಟ್ ಹ್ಯಾಮರ್‌ಗೆ ಕೊಡುವ ಹೊಡೆತ ಜೋರು, ಅದಕ್ಕೆ ತಡೆಯುವಂಥದ್ದೆಂದು ತಯಾರಕರು ಬರೆದುಕೊಡದ ಕ್ಯಾಸೆಟ್ ಹಾಕಿದರೆ ಪಿನ್ ಮುರಿಯಬಹುದು.

ಪ್ರಶ್ನೆ: ನನ್ನಲ್ಲಿರುವುದು .22 ರೂಗರ್ 10/22. ಇದಕ್ಕೂ ಇದೇ ಕ್ರಮವೇ?

ಉತ್ತರ: ಇದು ಇನ್ನೂ ಸುಲಭ. 1964ರಿಂದ ಬರುತ್ತಿರುವ ಈ ರೈಫಲ್‌ನಲ್ಲಿ ಇಡೀ ಟ್ರಿಗರ್ ಕಟ್ಟು ಎರಡು ಅಡ್ಡ ಪಿನ್‌ಗಳಿಂದ ನಿಂತಿದೆ. ಖಾಲಿ ಮಾಡಿ, ಹ್ಯಾಮರ್ ಮಲಗಿಸಿ, ಸೇಫ್ಟಿ ಗುಂಡಿಯನ್ನು ಎರಡೂ ಕಡೆ ಸಮವಾಗಿ ನಡುವೆ ನಿಲ್ಲಿಸಿ, ಮರದ ಸ್ಟಾಕ್‌ನ (ರೈಫಲ್ ಕೂರುವ ಮರದ ಹಿಡಿಯ) ಸ್ಕ್ರೂ ಬಿಚ್ಚಿ ರೈಫಲ್ ಮೇಲೆತ್ತಿ. ಗುಂಡಿ ನಡುವೆ ಇರದಿದ್ದರೆ ಮರಕ್ಕೆ ಸಿಕ್ಕಿಕೊಳ್ಳುತ್ತದೆ. ಪಿನ್‌ಗಳು ಸಡಿಲ, ಓರೆ ಮಾಡಿದರೆ ತಾವೇ ಉದುರುತ್ತವೆ, ಕೆಳಗೊಂದು ಬಟ್ಟೆ ಹಾಸಿಕೊಳ್ಳಿ. ಕಂಪನಿಯದೇ ಬಿಎಕ್ಸ್ ಟ್ರಿಗರ್ ಕಟ್ಟು 2.5ರಿಂದ 3 ಪೌಂಡ್, ಅಂದರೆ 1.1ರಿಂದ 1.4 ಕೆಜಿಯಲ್ಲಿ ಕಳಚುತ್ತದೆ. ಒಳಗಿನ ಸಣ್ಣ ಭಾಗ ಮುಟ್ಟದೆ ಕಟ್ಟಿಗೆ ಕಟ್ಟೇ ಬದಲಾಯಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಹೊಸ ಕಟ್ಟು ಒಳಗೆ ಕೂರಿಸುವಾಗ ಹ್ಯಾಮರ್ ಮಲಗಿರಲೇಬೇಕು. ಎದ್ದು ನಿಂತಿದ್ದರೆ ಬೋಲ್ಟ್‌ಗೆ ತಾಗಿ ಕಟ್ಟು ಕೂರುವುದಿಲ್ಲ, ಒತ್ತಿ ಕೂರಿಸಿದರೆ ಏನಾದರೂ ಬಾಗುತ್ತದೆ. ಹ್ಯಾಮರ್ ಸ್ಪ್ರಿಂಗ್ ಮಾತ್ರ ಇಲ್ಲಿಯೂ ಹಗುರ ಮಾಡಬೇಡಿ. .22 ಗುಂಡಿನಲ್ಲಿ ಕಿಡಿ ಹೊತ್ತಿಸುವ ಮದ್ದು ನಡುವೆ ಇಲ್ಲ, ಬುಡದ ಅಂಚಿನ ಮಡಿಕೆಯೊಳಗೆ ಇದೆ. ಆ ತಗಡನ್ನು ಜಜ್ಜುವಷ್ಟು ಬಲ ಇಲ್ಲದಿದ್ದರೆ ಅದು ಹಾರುವುದಿಲ್ಲ. ಈ ಗುಂಡುಗಳ ಮಸಿ, ಮೇಣ ಬಹಳ. ಐನೂರು ಗುಂಡಿಗೊಮ್ಮೆ ಕಟ್ಟು ಹೊರತೆಗೆದು ಬ್ರಷ್‌ನಿಂದ ತೊಳೆದು ಒಣಗಿಸಿ. ಎಣ್ಣೆ ಸುರಿದರೆ ಅದೇ ಮಸಿ ಅಂಟಾಗಿ, ಎಳೆದ ಟ್ರಿಗರ್ ಮುಂದಕ್ಕೆ ಮರಳುವುದು ತಡವಾಗುತ್ತದೆ. ಹಾಗೆ ತಡವಾಗುವುದು ಕಂಡ ದಿನವೇ ಶೂಟಿಂಗ್ ನಿಲ್ಲಿಸಿ ಕಟ್ಟು ಬಿಚ್ಚಿ.