ಸಂಧಾನದ ನಡುವೆ ಗುಂಡಿನ ಕಾಳಗ ಏಕೆ?

ಪ್ರಶ್ನೆ: ಸರ್ಕಾರ ಮತ್ತು ಬಂಡುಕೋರರ ಶಾಂತಿ ಮಾತುಕತೆಯ ಸುದ್ದಿ ಓದುತ್ತಿರುವಾಗಲೇ ಅವರ ನಡುವೆ ಕಾಳಗ ನಡೆದು ಹೆಣ ಬಿದ್ದ ಸುದ್ದಿಯೂ ಬರುತ್ತದೆ. ಮಾತುಕತೆ ಬರೀ ನಾಟಕವೇ? ಇಂಥ ಕಾಳಗ ನಿಲ್ಲಿಸುವವರು ಯಾರು?

ಉತ್ತರ: ನಾಟಕವೇ ಆಗಿರಬೇಕೆಂದಿಲ್ಲ. ಮಾತುಕತೆ ಬೇರೆ, ಕದನವಿರಾಮ ಬೇರೆ. ಕೊಲಂಬಿಯಾ ಸರ್ಕಾರ ಮತ್ತು ಅಲ್ಲಿನ ಬಂಡುಕೋರ ಪಡೆ ಫಾರ್ಕ್ 2012ರಲ್ಲೇ ಕ್ಯೂಬಾದ ಹವಾನಾದಲ್ಲಿ ಮಾತಿಗೆ ಕೂತರೂ ಇಬ್ಬರೂ ಒಪ್ಪಿದ ಪೂರ್ಣ ಕದನವಿರಾಮ ಜಾರಿಯಾದದ್ದು 2016ರ ಆಗಸ್ಟ್‌ನಲ್ಲಿ. ಫಾರ್ಕ್ ತಾನಾಗಿ ಘೋಷಿಸಿದ್ದ ವಿರಾಮದ ಅವಧಿಯಲ್ಲೇ, 2015ರ ಏಪ್ರಿಲ್‌ನಲ್ಲಿ, ಕೌಕಾ ಪ್ರಾಂತ್ಯದಲ್ಲಿ 11 ಸೈನಿಕರು ಸತ್ತರು. ಸರ್ಕಾರ ವಾಯುದಾಳಿ ಮತ್ತೆ ಶುರುಮಾಡಿತು. ಮೇ ತಿಂಗಳ ದಾಳಿಯಲ್ಲಿ 26 ಬಂಡುಕೋರರು ಸತ್ತ ಮೇಲೆ ಫಾರ್ಕ್ ತನ್ನ ವಿರಾಮ ಹಿಂತೆಗೆದುಕೊಂಡಿತು. ಹವಾನಾದ ಮಾತು ಮಾತ್ರ ಮುರಿಯಲಿಲ್ಲ.

ಕದನವಿರಾಮ ಇದ್ದೂ ಕೆಟ್ಟದ್ದಕ್ಕೆ ಫಿಲಿಪ್ಪೀನ್ಸ್‌ನ ಮಾಮಾಸಪಾನೊ ಎಂಬ ಊರಿನ ಘಟನೆ ನೋಡಿ. ಅಲ್ಲಿನ ಮೊರೊ ಮುಸ್ಲಿಮರ ಬಂಡುಕೋರ ಸಂಘಟನೆ ಮೊರೊ ಇಸ್ಲಾಮಿಕ್ ಲಿಬರೇಷನ್ ಫ್ರಂಟ್ (ಎಂಐಎಲ್‌ಎಫ್) ಜತೆ 2014ರ ಮಾರ್ಚ್‌ನಲ್ಲಿ ಸರ್ಕಾರದ ಶಾಂತಿ ಒಪ್ಪಂದವಾಗಿತ್ತು. ಅವರ ಪ್ರದೇಶದಲ್ಲಿ ಅಪರಾಧಿಯನ್ನು ಹಿಡಿಯಲು ಹೋಗುವ ಪಡೆ ಜಂಟಿ ಸಮಿತಿಯ ಮೂಲಕ ಮೊದಲೇ ತಿಳಿಸಬೇಕೆಂಬ ನಿಯಮವಿತ್ತು. ಹಾಗೆ ತಿಳಿಸಿದರೆ ಎಂಐಎಲ್‌ಎಫ್‌ನವರು ದಾರಿ ಬಿಡಬೇಕಿತ್ತು. 2015ರ ಜನವರಿ 25ರ ನಸುಕಿನಲ್ಲಿ ಮರ್ವಾನ್ ಎಂಬ ಮಲೇಷ್ಯಾದ ಬಾಂಬ್ ತಯಾರಕನ ಬೇಟೆಗೆ ಹೊರಟ ಪೊಲೀಸ್ ಕಮಾಂಡೊಗಳು ಹಾಗೆ ಮಾಡಲಿಲ್ಲ. ಸುಳಿವು ಸೋರಬಹುದೆಂಬ ಭಯಕ್ಕೆ, ಗುರಿ ತಲುಪಿದ ಮೇಲಷ್ಟೇ ತಿಳಿಸುವುದೆಂದು ತೀರ್ಮಾನಿಸಿದ್ದರು. ಭಯ ಆಧಾರವಿಲ್ಲದ್ದಲ್ಲ, ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು.

ಮರ್ವಾನ್ ಸತ್ತ. ಅಷ್ಟರಲ್ಲಿ ಬೆಳಕು ಹರಿಯಿತು. ಹಿಂದಿರುಗುವ ದಾರಿಗೆ ಕಾವಲಿದ್ದ 36 ಮಂದಿಯ ತುಕಡಿ ಮರೆಯಿಲ್ಲದ ಮೆಕ್ಕೆಜೋಳದ ಹೊಲದಲ್ಲಿ ಸಿಕ್ಕಿಬಿತ್ತು. ಜೀವಂತ ಉಳಿದದ್ದು ಒಬ್ಬನೇ. ಒಟ್ಟು 44 ಕಮಾಂಡೊಗಳು ಸತ್ತರು. ಊರಿನಲ್ಲಿ ಎಂಐಎಲ್‌ಎಫ್ ಅಲ್ಲದೆ ಅದರಿಂದ ಸಿಡಿದು ಹೋದ ಬಿಐಎಫ್‌ಎಫ್ ಎಂಬ ಗುಂಪು ಮತ್ತು ಖಾಸಗಿ ಬಂದೂಕುಧಾರಿಗಳೂ ಇದ್ದರು. ಕತ್ತಲಲ್ಲಿ ನುಗ್ಗಿದವರು ಯಾರೆಂದು ಊರಿನ ಬಂದೂಕುಧಾರಿಗಳಿಗೂ ತಿಳಿಯದು, ಸುತ್ತಲಿಂದ ಹೊಡೆಯುತ್ತಿರುವವರು ಯಾರೆಂದು ಕಮಾಂಡೊಗಳಿಗೂ ತಿಳಿಯದು. ಮೊದಲೇ ಮಾಹಿತಿ ಇಲ್ಲದ ಸೇನೆಗೆ ತಮ್ಮವರು ನಿಖರವಾಗಿ ಎಲ್ಲಿದ್ದಾರೆಂದು ಗೊತ್ತಾಗದೆ ಫಿರಂಗಿ ಹಾರಿದ್ದು ಸಂಜೆಯ ಹೊತ್ತಿಗೆ.

ಇಂಥ ಕಾಳಗ ನಿಲ್ಲಿಸುವ ಕೆಲಸ ಎರಡೂ ಕಡೆಯ ಸದಸ್ಯರಿರುವ ಕದನವಿರಾಮ ಸಮಿತಿಯದು. ಸಮಿತಿ ಅಂದೇ ಸ್ಥಳಕ್ಕೆ ಧಾವಿಸಿತು. ಆದರೆ ಮೇಲಿನಿಂದ ಒಂದು ಆದೇಶ ಬಂದರೆ ಸಾಲದು, ಹೊಲದಲ್ಲಿರುವ ಒಬ್ಬೊಬ್ಬ ಕಮಾಂಡರ್‌ಗೂ ಅದು ಮುಟ್ಟಬೇಕು. ಸಹಿ ಹಾಕದ ಬಿಐಎಫ್‌ಎಫ್ ಯಾರ ಮಾತೂ ಕೇಳಬೇಕಿಲ್ಲ. ಗಂಟೆಗಟ್ಟಲೆ ಹಿಡಿಯುವುದು ಇದಕ್ಕೇ.

ಪಡೆಗಳು ಮುಖಾಮುಖಿ ಆಗದಂತೆ ನೋಡಿಕೊಳ್ಳುವುದೇ ಲೇಸು. ಕೊಲಂಬಿಯಾದ 2016ರ ಒಪ್ಪಂದದಲ್ಲಿ ಫಾರ್ಕ್ ಬೀಡುಬಿಟ್ಟ ಪ್ರತಿ ವಲಯದ ಸುತ್ತ 1 ಕಿ.ಮೀ. ಪಟ್ಟಿ ಬಿಟ್ಟರು. ಅಲ್ಲಿ ಸೈನಿಕನೂ ಇಲ್ಲ, ಬಂಡುಕೋರನೂ ಇಲ್ಲ; ಓಡಾಡುವವರು ಉಸ್ತುವಾರಿ ತಂಡದವರು, ಅವರ ಕಾವಲಿನ ಪೊಲೀಸರು.

ಮಾಮಾಸಪಾನೊ ನಂತರ ಎಂಐಎಲ್‌ಎಫ್ ಕಮಾಂಡೊಗಳ 16 ಬಂದೂಕು ಹಿಂತಿರುಗಿಸಿತು. ಆದರೂ ಮೊರೊ ಸ್ವಾಯತ್ತತೆಯ ಮಸೂದೆ ಸಂಸತ್ತಿನಲ್ಲಿ ಸಿಕ್ಕಿಕೊಂಡಿತು, ಕಾನೂನಾದದ್ದು 2018ರಲ್ಲಿ.