ಒಂಬತ್ತನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ನಿಮ್ಮ ‘ಒಳ್ಳೆಯವನು ಯಾರು?’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಿ ಅಂತ ಹೇಳಲೂ ಮನಸ್ಸಿಲ್ಲ. ಇದರೊಳಗೆ ನಿಜಕ್ಕೂ ಚೆನ್ನಾಗಿರುವ ಒಂದು ಬರಹ ಇದೆ, ಅದಕ್ಕೆ ನೀವು ಜಾಗವನ್ನೇ ಕೊಟ್ಟಿಲ್ಲ. ಹೊಸದಾಗಿ ಬರೆಯುವ ಬೇರೆಯವರಿಗೂ ಉಪಯೋಗ ಆಗಬಹುದು ಅಂತ ಈ ಉತ್ತರವನ್ನು ನಿಮ್ಮ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಹಾಕುತ್ತಿದ್ದೇನೆ.

ಓದುಗರಿಗೆ ವಿಷಯ ಗೊತ್ತಾಗಲಿ ಅಂತ ಚಿಕ್ಕದಾಗಿ ಹೇಳುತ್ತೇನೆ. ಲೇಖನ ಹನ್ನೆರಡು ಪುಟ ಇದೆ. ಮೊದಲ ಎಂಟು ಪುಟದಲ್ಲಿ ನೀತಿ ಅನ್ನುವುದು ಕಾಲಕ್ಕೆ, ದೇಶಕ್ಕೆ, ಮನುಷ್ಯನಿಗೆ ತಕ್ಕಂತೆ ಬದಲಾಗುತ್ತದೆ, ಎಲ್ಲವೂ ಸಾಪೇಕ್ಷ ಅನ್ನುವ ಮಾತು ಬೇರೆ ಬೇರೆ ರೀತಿಯಲ್ಲಿ ಬರುತ್ತದೆ. ಉದಾಹರಣೆಗೆ ಓಬವ್ವ ಬರುತ್ತಾಳೆ. ಒಂಬತ್ತನೇ ಪುಟದಲ್ಲಿ ಒಂದು ಪ್ಯಾರಾ. ಚಿತ್ರದುರ್ಗದಲ್ಲಿ ನೀವು ಐದು ಜನ ಭಾನುವಾರ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಕಥೆ ಕಟ್ಟುವ ಆಟ ಆಡುತ್ತೀರಿ, ಕಥೆ ನಡೆಸುವ ಡಂಜನ್ ಮಾಸ್ಟರ್ ನೀವೇ. ಕಥೆಯಲ್ಲಿ ಬರಗಾಲ ಬಿದ್ದಿದೆ. ಹಳ್ಳಿಯ ಕಣಜ ದೋಚಿದ ಮೂವರು ಸಿಕ್ಕಿಬೀಳುತ್ತಾರೆ. ಪ್ಯಾಲಡಿನ್, ಅಂದರೆ ಧರ್ಮಕ್ಕೆ ಕಟ್ಟುಬಿದ್ದ ವೀರನ ಪಾತ್ರ ಆಡುತ್ತಿದ್ದ ಹುಡುಗ ಅವರನ್ನು ರಾಜನ ಅಧಿಕಾರಿಗೆ ಒಪ್ಪಿಸಬೇಕು ಅನ್ನುತ್ತಾನೆ. ಅಲ್ಲಿ ಹೋದರೆ ಗಲ್ಲೇ ಗತಿ ಅಂತ ಎಲ್ಲರಿಗೂ ಗೊತ್ತು. ರೋಗ್, ಅಂದರೆ ಕಳ್ಳಚಳಕದ ಪಾತ್ರ ಆಡುತ್ತಿದ್ದ ಹುಡುಗಿ ರಾತ್ರಿ ತನ್ನ ಕಾವಲಿನ ಸರದಿ ಬಂದಾಗ ಅವರ ಕಟ್ಟು ಬಿಚ್ಚಿ ಕಳಿಸಿಬಿಡುತ್ತಾಳೆ. ಆಮೇಲೆ ನಿಮ್ಮ ಮೇಜಿನ ಸುತ್ತ ದೊಡ್ಡ ಜಗಳ. ಕೊನೆಯಲ್ಲಿ ನೀವು ಬರೆದಿದ್ದು ಇಷ್ಟು: “ಆಕೆಯ ಪಾತ್ರವನ್ನು ಕೇಯಾಟಿಕ್ ಈವಿಲ್ ಎಂದು ತೀರ್ಮಾನಿಸಲಾಯಿತು. ಮುಂದಿನ ವಾರದಿಂದ ಆಕೆ ಆಟಕ್ಕೆ ಬರಲಿಲ್ಲ.” ಕೇಯಾಟಿಕ್ ಈವಿಲ್ ಅಂದರೆ ಆಟದ ಲೆಕ್ಕದಲ್ಲಿ ಕ್ರಮವನ್ನೂ ಮೀರುವ, ಕೆಟ್ಟದ್ದೂ ಆದ ಪಾತ್ರ. ಅಲ್ಲಿಂದ ಮತ್ತೆ ಸಾಪೇಕ್ಷತೆಗೆ ಹೋಗಿಬಿಟ್ಟಿರಿ.

ತೀರ್ಮಾನಿಸಲಾಯಿತು. ಯಾರಿಂದ?

ನಿಮ್ಮಿಂದ ಅಲ್ವಾ? ಡಂಜನ್ ಮಾಸ್ಟರ್ ನೀವು. ಆಕೆಯ ಪಾತ್ರದ ವಿವರ ಬರೆದಿಡುವ ಕ್ಯಾರೆಕ್ಟರ್ ಶೀಟ್ ಮೇಲೆ ಅದನ್ನು ಬರೆದವರು, ಅಥವಾ ಬರೆಸಿದವರು ನೀವು. ಹನ್ನೆರಡು ಪುಟ ‘ಎಲ್ಲವೂ ಸಾಪೇಕ್ಷ’ ಅಂತ ವಾದ ಮಾಡುವ ಮನುಷ್ಯ, ತನ್ನ ಮುಂದೆ ಒಬ್ಬಳು ನಿಜವಾಗಿ ಬೇರೆ ಥರ ಯೋಚಿಸಿದಾಗ ‘ಇದು ಕೆಟ್ಟದ್ದು’ ಅಂತ ಷರಾ ಬರೆದಿದ್ದಾನೆ. ನಿಮ್ಮನ್ನು ಸಿಕ್ಕಿಹಾಕಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮ ಇಡೀ ವಿಷಯ ಇರುವುದೇ ಇಲ್ಲಿ, ಆ ಒಂದು ಕ್ರಿಯಾಪದದ ಹಿಂದೆ ನೀವು ಅದನ್ನು ಮುಚ್ಚಿಟ್ಟಿದ್ದೀರಿ ಅನ್ನುವುದಕ್ಕೆ ಹೇಳುತ್ತಿದ್ದೇನೆ. ‘ಮಾಡಲಾಯಿತು’, ‘ನಿರ್ಧರಿಸಲಾಯಿತು’ ಅನ್ನುವ ಮಾತು ತಾಲ್ಲೂಕು ಕಚೇರಿಯ ನಡಾವಳಿಯಲ್ಲಿ ಇರಲಿ. ಒಳ್ಳೆಯದು ಕೆಟ್ಟದ್ದರ ಬಗ್ಗೆ ಬರೆಯುವಾಗ ಮಾಡಿದವನ ಹೆಸರು ವಾಕ್ಯದಲ್ಲಿ ಇರಲೇಬೇಕು.

ಇನ್ನು ಆಟದ ವಿಚಾರ. ಅಲೈನ್‌ಮೆಂಟ್, ಅಂದರೆ ಪಾತ್ರದ ನೀತಿ ಎಂಥದ್ದು ಅಂತ ಹೇಳುವ ಗುರುತಿನ ಬಗ್ಗೆ ನೀವು ಬರೆದದ್ದರಲ್ಲಿ ಒಂದು ತಪ್ಪಿದೆ, ಅದನ್ನು ಸರಿ ಮಾಡಿಕೊಂಡರೆ ನಿಮ್ಮ ವಾದವೇ ಬದಲಾಗುತ್ತದೆ. ಒಂಬತ್ತು ಮನೆಯ ಆ ಚೌಕ, ಲಾಫುಲ್ ಗುಡ್‌ನಿಂದ (ಕ್ರಮ ಪಾಲಿಸುವ ಒಳ್ಳೆಯವನು) ಕೇಯಾಟಿಕ್ ಈವಿಲ್‌ವರೆಗೆ, ಮೊದಲಿನಿಂದಲೇ ಇತ್ತು ಅಂತ ಬರೆದಿದ್ದೀರಿ. ಇರಲಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಆಟವನ್ನು ತಂದಾಗ ಇದ್ದದ್ದು ಮೂರೇ: ಲಾ (ಕ್ರಮ), ನ್ಯೂಟ್ರಾಲಿಟಿ (ಎರಡರ ನಡುವೆ), ಕೇಯಾಸ್ (ಅಕ್ರಮ). ಗುಡ್ ಮತ್ತು ಈವಿಲ್ ಅನ್ನುವ ಬೇರೆ ಸಾಲು ಇರಲಿಲ್ಲ. ಆ ಮೂರು ಕೂಡ ಮೊದಲು ಬಂದಿದ್ದು 1971ರ ಚೈನ್‌ಮೇಲ್ ಅನ್ನುವ ಯುದ್ಧದ ಆಟದಿಂದ. ಮೇಜಿನ ಮೇಲೆ ಸೈನ್ಯದ ಬೊಂಬೆಗಳನ್ನು ಜೋಡಿಸುವಾಗ ಯಾವ ಜೀವಿ ಯಾವ ಕಡೆ ನಿಲ್ಲುತ್ತದೆ ಅಂತ ಹೇಳುವ ಪಟ್ಟಿ ಅದು. 1974ರ ಪುಸ್ತಿಕೆಯಲ್ಲೂ ಅಂಥದ್ದೇ ಪಟ್ಟಿ ಇದೆ. ಅದರಲ್ಲಿ ಮನುಷ್ಯರ ಹೆಸರು ಮೂರೂ ಕಡೆ ಇದೆ, ಅದು ನನಗೆ ತುಂಬಾ ಇಷ್ಟವಾದ ವಿಷಯ. ಮನುಷ್ಯ ಯಾವ ಕಡೆಗಾದರೂ ಹೋಗಬಹುದು.

ಒಳ್ಳೆಯದು ಕೆಟ್ಟದ್ದು ಬೇರೆ, ಕ್ರಮ ಅಕ್ರಮ ಬೇರೆ ಅಂತ ಗೈಗ್ಯಾಕ್ಸ್ ಬಿಡಿಸಿ ಬರೆದಿದ್ದು 1976ರ ಫೆಬ್ರವರಿಯಲ್ಲಿ, ಒಂದು ಲೇಖನದಲ್ಲಿ. ಒಂಬತ್ತು ಮನೆಗಳು ಪಕ್ಕಾ ನಿಯಮವಾಗಿ ಬಂದಿದ್ದು 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ. 2008ರ ನಾಲ್ಕನೇ ಆವೃತ್ತಿ ಅದನ್ನು ಐದಕ್ಕೆ ಇಳಿಸಿತು, 2014ರ ಐದನೇ ಆವೃತ್ತಿ ಮತ್ತೆ ಒಂಬತ್ತಕ್ಕೆ ತಂದಿತು. ಈ ವರ್ಷಗಳನ್ನೆಲ್ಲ ಲೇಖನದಲ್ಲಿ ಸುರಿಯಬೇಡಿ, ಒಂದೆರಡು ಸಾಕು. ಆದರೆ ಮೊದಲು ‘ಕಡೆ’ ಇತ್ತು, ‘ಗುಣ’ ಆಮೇಲೆ ಬಂತು ಅನ್ನುವುದು ನಿಮಗೆ ಬೇಕೇ ಬೇಕು. ಯಾಕೆ ಅಂದರೆ ನಿಮ್ಮ ಓಬವ್ವನ ಉದಾಹರಣೆ ಕೆಡುವುದೇ ಅಲ್ಲಿ.

ನೀವು ಬರೆದಿದ್ದೀರಿ: ದುರ್ಗದವರಿಗೆ ಓಬವ್ವ ವೀರಳು, ಹೈದರಾಲಿಯ ಸೈನಿಕನಿಗೆ ಅವಳು ಕೊಲೆಗಾರ್ತಿ, ಆದ್ದರಿಂದ ನೀತಿ ಸಾಪೇಕ್ಷ. ಸ್ವಲ್ಪ ನಿಂತು ಯೋಚಿಸಿ. ಕಿಂಡಿಯಲ್ಲಿ ನುಸುಳಿ ಬರುವ ಸೈನಿಕ ಅವಳಿಗೆ ಹೆದರಬಹುದು, ಅವಳನ್ನು ದ್ವೇಷಿಸಬಹುದು. ಆದರೆ ತನ್ನ ಹೆಂಡತಿ ತನ್ನ ಕೋಟೆಯಲ್ಲಿ ಅದನ್ನೇ ಮಾಡಿದ್ದರೆ ಅವನೂ ಮೆಚ್ಚುತ್ತಿದ್ದ ಅಲ್ವಾ? ಇಬ್ಬರೂ ನಿಂತ ಕಡೆ ಬೇರೆ, ನೀತಿ ಒಂದೇ. ಅದು 1971ರ ಬೊಂಬೆ ಸೈನ್ಯದ ಪಟ್ಟಿ ಇದ್ದ ಹಾಗೆ. ಇದರಿಂದ ಸಾಪೇಕ್ಷತೆ ಸಾಬೀತಾಗುವುದಿಲ್ಲ. ಇನ್ನೊಂದು ಮಾತು, ಅವಳನ್ನು ನೀವು ‘ಕೇಯಾಟಿಕ್ ಗುಡ್’ ಮನೆಯಲ್ಲಿ ಕೂರಿಸಿದ್ದೀರಿ. ಗಂಡ ಊಟಕ್ಕೆ ಕೂತಿದ್ದಾಗ ಅವನ ಕಾವಲನ್ನು ತಾನು ಕಾದವಳು ಅವಳು. ಕೈಯಲ್ಲಿ ಕತ್ತಿಯ ಬದಲು ಒನಕೆ ಇತ್ತು ಅಂದ ಮಾತ್ರಕ್ಕೆ ಅವಳು ಅರಾಜಕಳಾಗುವುದಿಲ್ಲ. ಒಟ್ಟಿನಲ್ಲಿ ಓಬವ್ವನನ್ನು ಈ ಲೇಖನದಿಂದ ತೆಗೆಯಿರಿ. ಚಿತ್ರದುರ್ಗದವರು ಏನೇ ಬರೆದರೂ ಅವಳು ಬಂದೇ ಬರುತ್ತಾಳೆ. ಸುಮ್ನೆ ಅಭ್ಯಾಸಬಲದಿಂದ ತಂದಾಗ ಅವಳಿಗೂ ನ್ಯಾಯ ಆಗುವುದಿಲ್ಲ, ಬರಹಕ್ಕೂ ಆಗುವುದಿಲ್ಲ.

ಈ ಆಟ ಸಾಪೇಕ್ಷತೆಯನ್ನು ಕಲಿಸುತ್ತದೆ ಅಂತಲೂ ಬರೆದಿದ್ದೀರಿ. ನಿಯಮದ ಪುಸ್ತಕ ತೆರೆದು ನೋಡಿದರೆ ಅಲ್ಲಿರುವುದು ಪೂರಾ ಉಲ್ಟಾ. ಹಳೆಯ ಆವೃತ್ತಿಗಳಲ್ಲಿ ಕೆಟ್ಟದ್ದನ್ನು ಕಂಡುಹಿಡಿಯುವ ಮಂತ್ರವೇ ಇತ್ತು. ಮಂತ್ರ ಹಾಕಿದರೆ ದುಷ್ಟತನ ಕಾಣಿಸುತ್ತದೆ. ಪ್ರತಿ ಅಲೈನ್‌ಮೆಂಟಿಗೂ ಒಂದು ಗುಟ್ಟಿನ ಭಾಷೆ ಇತ್ತು. ದಾರಿ ತಪ್ಪಿದ ಪ್ಯಾಲಡಿನ್ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತಿದ್ದ. ಅಂಥ ಲೋಕದಲ್ಲಿ ಒಳ್ಳೆಯದು ಕೆಟ್ಟದ್ದು ಅಭಿಪ್ರಾಯದ ಮಾತಲ್ಲ, ಬಿಸಿಲು ನೆರಳಿನಷ್ಟೇ ಸ್ಪಷ್ಟ. ಐದನೇ ಆವೃತ್ತಿಯಲ್ಲಿ ಆ ಮಂತ್ರದ ಹೆಸರು ಹೆಚ್ಚುಕಡಿಮೆ ಹಾಗೇ ಇದೆ, ಆದರೆ ಅದು ಈಗ ತೋರಿಸುವುದು ದೆವ್ವ, ದೇವದೂತ, ಸತ್ತು ಎದ್ದ ಹೆಣ, ಇಂಥ ಜೀವಿಗಳು ಹತ್ತಿರ ಇವೆಯೋ ಇಲ್ಲವೋ ಅನ್ನುವುದನ್ನು ಮಾತ್ರ. ಎದುರಿಗಿರುವ ಮನುಷ್ಯ ಒಳ್ಳೆಯವನೋ ಕೆಟ್ಟವನೋ ಅಂತ ಅದು ಹೇಳುವುದಿಲ್ಲ. ಪ್ಯಾಲಡಿನ್ ಕೂಡ ಈಗ ತಾನು ತೊಟ್ಟ ಪ್ರತಿಜ್ಞೆಗೆ ಬದ್ಧ, ಲಾಫುಲ್ ಗುಡ್ ಆಗಿರಲೇಬೇಕು ಅಂತ ಇಲ್ಲ. ಅಂದರೆ ಮೊದಲು ಮಂತ್ರ ಮಾಡುತ್ತಿದ್ದ ತೀರ್ಪಿನ ಕೆಲಸ ಈಗ ಮೇಜಿನ ಸುತ್ತ ಕೂತವರ ತಲೆಗೆ ಬಂದಿದೆ. ನಿಮ್ಮ ಜಗಳ ಹುಟ್ಟಿದ್ದು ಅಲ್ಲಿ. ಬರೆಯಬೇಕಾದ್ದು ಇದು!

ನಿಮ್ಮ ಪ್ಯಾಲಡಿನ್ ಹುಡುಗ ‘ಕಾನೂನು ಕಾನೂನೇ’ ಅಂದ ಅಂತ ಬರೆದಿದ್ದೀರಿ. ಯಾವ ಕಾನೂನು ಅಂತ ಯಾರೂ ಕೇಳಲಿಲ್ಲವಾ? ರಾಜನದ್ದಾ, ಹಳ್ಳಿಯದ್ದಾ, ಅವನ ದೇವರದ್ದಾ? ನಮ್ಮ ಕಡೆಯ ಜನಕ್ಕೆ ಇದು ಹೊಸ ಪ್ರಶ್ನೆ ಅಲ್ಲ. ನಿಮ್ಮ ತಾಲ್ಲೂಕಿನ ಸಿರಿಗೆರೆಯಲ್ಲೇ ಮಠದ ನ್ಯಾಯಪೀಠ ಇದೆ, ಸೋಮವಾರ ಜನ ಅಲ್ಲಿಗೆ ಜಮೀನಿನ ತಕರಾರು, ಅಣ್ಣತಮ್ಮಂದಿರ ಪಾಲಿನ ಜಗಳ ತಗೊಂಡು ಹೋಗುತ್ತಾರೆ. ಕೋರ್ಟೂ ಇದೆ, ಅದೂ ಇದೆ. ಕ್ರಮ ಅನ್ನುವುದು ಒಂದೇ ಕಡೆಯಿಂದ ಬರುವುದಿಲ್ಲ ಅಂತ ನಮಗೆ ಚಿಕ್ಕಂದಿನಿಂದ ಗೊತ್ತು. ಹಾಗಿರುವಾಗ ರಾಜನ ಅಧಿಕಾರಿಯನ್ನು ಮೀರಿದವಳು ಕೇಯಾಟಿಕ್ ಹೇಗಾಗುತ್ತಾಳೆ? ಸಿಕ್ಕಿಬಿದ್ದವನನ್ನು ಸಾವಿಗೆ ಕೊಡಬಾರದು ಅನ್ನುವ ಕಟ್ಟಳೆಯನ್ನು ಅವಳು ಪಾಲಿಸಿದ್ದಿರಬಹುದು. ಕೇಯಾಟಿಕ್ ಅಂತಲೇ ಒಪ್ಪಿಕೊಂಡರೂ ಈವಿಲ್ ಎಲ್ಲಿಂದ ಬಂತು? ಎರಡು ಬೇರೆ ಸಾಲುಗಳನ್ನು ನೀವು ಒಂದು ಮಾಡಿದ್ದೀರಿ. ಮಾತು ಕೇಳದವಳು ಕೆಟ್ಟವಳು ಅಂತ. ಮನೆಯಲ್ಲಿ, ಕಾಲೇಜಿನಲ್ಲಿ ಹುಡುಗಿಯರಿಗೆ ಇದು ಎಷ್ಟು ಸಲ ಆಗಿರುತ್ತದೆ ಅಂತ ನಿಮಗೂ ಗೊತ್ತು, ಆಟದಲ್ಲೂ ಅದೇ ಆದಾಗ ಅವಳು ಎದ್ದು ಹೋಗಿದ್ದರಲ್ಲಿ ನನಗೇನೂ ಆಶ್ಚರ್ಯ ಇಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ. ಎಲ್ಲವೂ ಸಾಪೇಕ್ಷ ಅಂತ ನೀವು ಐದೂ ಜನ ನಿಜವಾಗಿ ನಂಬಿದ್ದರೆ ಜಗಳ ಯಾಕೆ ಆಯಿತು? ‘ನಿನಗೆ ಅದು ಸರಿ, ನನಗೆ ಇದು ಸರಿ’ ಅಂತ ಹೇಳಿ ಡೈಸ್ ಉರುಳಿಸಿ ಮುಂದೆ ಹೋಗಬಹುದಿತ್ತು. ಯಾರೂ ಹಾಗೆ ಮಾಡಲಿಲ್ಲ. ಇಲ್ಲದ ಮೂರು ಕಳ್ಳರ ಜೀವಕ್ಕಾಗಿ ನೀವು ಗಂಟಲು ಹರಿದುಕೊಂಡಿರಿ, ಸರಿ ಅನ್ನುವುದು ಒಂದು ಎಲ್ಲೋ ಇದೆ, ಅದನ್ನು ಇನ್ನೊಬ್ಬರಿಗೆ ಕಾಣಿಸಬಹುದು ಅನ್ನುವ ನಂಬಿಕೆ ಇಲ್ಲದೆ ಹಾಗೆ ಯಾರೂ ಕೂಗಾಡುವುದಿಲ್ಲ. ನಿಮ್ಮ ಲೇಖನ ಹೇಳುವುದನ್ನು ನಿಮ್ಮ ಭಾನುವಾರವೇ ಒಪ್ಪುತ್ತಿಲ್ಲ. ಆ ಎಂಟು ಪುಟದ ವ್ಯಾಖ್ಯಾನಗಳನ್ನು ತೆಗೆದು ಒಂಬತ್ತನೇ ಪುಟದಿಂದ ಶುರು ಮಾಡಿ ಅಂತ ಹೇಳುವುದಕ್ಕೆ ಇದೇ ಕಾರಣ, ಉದ್ದ ಜಾಸ್ತಿ ಆಯಿತು ಅಂತಲ್ಲ.

ಹಾಗಾದರೆ ಸಾಪೇಕ್ಷತೆಯ ಬಗ್ಗೆ ಬರೆಯಲೇಬಾರದಾ? ಬರೆಯಿರಿ, ಆದರೆ ಕಷ್ಟದ ಉದಾಹರಣೆ ತಗೊಳ್ಳಿ. ನಾನು ಕೂತಿರುವ ದಾವಣಗೆರೆಯ ಸುತ್ತ ಅದು ಬೇಸಿಗೆ ಬಂದಾಗೆಲ್ಲ ಸಿಗುತ್ತದೆ. ಭದ್ರಾ ನಾಲೆಯ ನೀರು ಕೊನೆ ಭಾಗಕ್ಕೆ ಬರುವುದೇ ಕಷ್ಟ. ಇಂತಿಷ್ಟು ದಿನ ಬಿಡಬೇಕು, ಇಂತಿಷ್ಟು ದಿನ ನಿಲ್ಲಿಸಬೇಕು ಅಂತ ಸರದಿ ಇರುತ್ತದೆ. ಮೇಲಿನವರು ನಾಲೆಗೆ ಪಂಪ್‌ಸೆಟ್ ಇಟ್ಟು ಎತ್ತುತ್ತಾರೆ ಅಂತ ಕೆಳಗಿನವರ ದೂರು. ಮೇಲಿನವನ ತೋಟವೂ ಒಣಗುತ್ತಿದೆ, ಅವನ ಸಾಲವೂ ಸುಳ್ಳಲ್ಲ. ಕೆಳಗಿನವನ ಭತ್ತ ಹೊಡೆ ಬಿಚ್ಚುವ ಹೊತ್ತು, ಇನ್ನೊಂದು ನೀರು ಬೇಕು. ತೂಬಿನ ಹತ್ತಿರ ನಿಂತ ನೌಕರನಿಗೆ ಮೇಲಿನಿಂದ ಆದೇಶ. ರಾತ್ರಿ ಯಾರೋ ಹೋಗಿ ತೂಬು ಎತ್ತುತ್ತಾರೆ ಅಂತಿಟ್ಟುಕೊಳ್ಳಿ. ಅವನನ್ನು ಒಂಬತ್ತರಲ್ಲಿ ಯಾವ ಮನೆಗೆ ಹಾಕುತ್ತೀರಿ? ಆ ನೀರು ಯಾರ ಗದ್ದೆಗೆ ಹೋಯಿತು, ಯಾರ ಪಾಲಿನದು ಕಡಿಮೆ ಆಯಿತು ಅಂತ ಗೊತ್ತಾಗುವ ಮುಂಚೆ ಹೇಳಲು ಆಗುತ್ತದಾ? ಗೊತ್ತಾದ ಮೇಲೆ ನಾವಿಬ್ಬರೂ ಒಂದೇ ಉತ್ತರ ಹೇಳುತ್ತೇವಾ? ಇಲ್ಲಿ ಮರ್ಯಾದಸ್ಥರು ಮೂರು ಕಡೆ ನಿಂತು ಮೂರು ಥರ ಮಾತಾಡುತ್ತಾರೆ, ಮೂರಕ್ಕೂ ತೂಕ ಇದೆ. ಇದನ್ನೇ ನಿಮ್ಮ ಆಟಕ್ಕೆ ತನ್ನಿ. ಯುರೋಪಿನ ಹಳ್ಳಿ, ಓಕ್ ಮರ, ಹೋಟೆಲಿನಲ್ಲಿ ಏಲ್ ಅನ್ನುವ ಬಿಯರ್ ಕುಡಿಯುವ ಮುದುಕ, ಇವನ್ನೇ ಯಾಕೆ ಇಟ್ಟುಕೊಂಡಿದ್ದೀರಿ? ನಾಲೆಯ ಕೊನೆಯ ಹಳ್ಳಿ ಮಾಡಿ, ತೂಬಿನ ಕಾವಲಿಗೆ ನಿಮ್ಮ ಪ್ಯಾಲಡಿನ್‌ನನ್ನು ನಿಲ್ಲಿಸಿ, ಏನಾಗುತ್ತದೆ ನೋಡಿ.

ಇಂಥ ಪ್ರಶ್ನೆಯನ್ನು ಆಟಗಳು ಚೆನ್ನಾಗಿ ಕೇಳಿದ್ದೂ ಇದೆ. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ಮಾಡಿದ ಅಲ್ಟಿಮಾ 4 ಅನ್ನುವ ಕಂಪ್ಯೂಟರ್ ಆಟದಲ್ಲಿ ಕೊಲ್ಲಬೇಕಾದ ದೊಡ್ಡ ಖಳನೇ ಇಲ್ಲ. ಎಂಟು ಸದ್ಗುಣಗಳಿವೆ, ಅವನ್ನು ಬಾಳಿ ತೋರಿಸಬೇಕು. ಶುರುವಿನಲ್ಲೇ ಕಣಿ ಹೇಳುವವಳೊಬ್ಬಳು ಪ್ರಶ್ನೆ ಕೇಳುತ್ತಾಳೆ, ಪ್ರತಿ ಪ್ರಶ್ನೆಯಲ್ಲೂ ಎರಡು ಸದ್ಗುಣಗಳು ಎದುರುಬದುರು ನಿಂತಿರುತ್ತವೆ, ಒಂದನ್ನು ಆರಿಸಬೇಕು. ಆಮೇಲೆ ಆಟದಲ್ಲಿ ಕಣ್ಣು ಕಾಣದ ವ್ಯಾಪಾರಿ ಗಿಡಮೂಲಿಕೆ ಮಾರುತ್ತಾಳೆ, ಎಷ್ಟು ದುಡ್ಡು ಇಡಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. ಕಡಿಮೆ ಇಟ್ಟರೆ ಆಗ ಯಾರೂ ಬೈಯುವುದಿಲ್ಲ, ಆಟ ಸುಮ್ಮನೆ ಲೆಕ್ಕ ಬರೆದುಕೊಳ್ಳುತ್ತದೆ. ನಿಮ್ಮ ಲೇಖನಕ್ಕೆ ಇಂಥ ಒಂದು ವಿವರ ಎಂಟು ಪುಟದ ಸಿದ್ಧಾಂತಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಇನ್ನು ಚಿಕ್ಕಪುಟ್ಟವು. ‘ಮಾನವ ಜನಾಂಗವು ಅನಾದಿ ಕಾಲದಿಂದಲೂ’ ಅನ್ನುವ ಮೊದಲ ವಾಕ್ಯ ಬೇಡ. ಆಟ ಗೊತ್ತಿಲ್ಲದ ಓದುಗರಿಗೆ ಅದನ್ನು ನಾಲ್ಕು ವಾಕ್ಯದಲ್ಲಿ ಹೇಳಿ: ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ, ಅನುಮಾನ ಬಂದಾಗ ಡೈಸ್ ಹಾಕುತ್ತಾರೆ, ಇಷ್ಟು ಸಾಕು. ಜಗಳದಲ್ಲಿ ಯಾರು ಏನಂದರು ಅನ್ನುವುದನ್ನು ಅವರವರ ಮಾತಿನಲ್ಲೇ ಬರೆಯಿರಿ, ದುರ್ಗದ ಮಾತು ಹಾಗೇ ಬರಲಿ, ತಿದ್ದಬೇಡಿ.

ಬರೆಯುವ ಮುಂಚೆ ಆ ಹುಡುಗಿಯ ಹತ್ತಿರ ಹೋಗಿ ಮಾತಾಡಿ. ಮತ್ತೆ ಆಟಕ್ಕೆ ಕರೆಯುವುದು ನಿಮಗೆ ಬಿಟ್ಟಿದ್ದು. ಆದರೆ ಕಟ್ಟು ಯಾಕೆ ಬಿಚ್ಚಿದೆ ಅಂತ ಕೇಳಿ, ಅವಳು ಹೇಳಿದ್ದನ್ನು ನಿಮ್ಮ ವಾದಕ್ಕೆ ಒಗ್ಗಿಸದೆ ಹೇಳಿದ ಹಾಗೇ ಹಾಕಿ. ಅವಳ ಬಗ್ಗೆ ಬರೆಯಲು ಅವಳ ಒಪ್ಪಿಗೆಯನ್ನೂ ಪಡೆಯಿರಿ, ಅದಿಲ್ಲದೆ ನಾನು ಹಾಕುವುದಿಲ್ಲ.

ಐದಾರು ಪುಟ ಮೀರದಿರಲಿ. ಫೈಲನ್ನು ಯೂನಿಕೋಡ್‌ನಲ್ಲೇ ಕಳಿಸಿ, ಈ ಸಲ ಬಂದದ್ದರಲ್ಲಿ ಒತ್ತಕ್ಷರಗಳೆಲ್ಲ ಒಡೆದುಹೋಗಿದ್ದವು. ಮುಂದಿನ ಸಂಚಿಕೆ ಆಗದಿದ್ದರೆ ಅದರ ಮುಂದಿನದಕ್ಕೆ ಜಾಗ ಇಟ್ಟಿರುತ್ತೇನೆ.