ಕುಷ್ಠರೋಗವೇ ಅಪರೂಪವಾದ ಅಮೆರಿಕದಲ್ಲಿ ವೈದ್ಯರು ಅದನ್ನು ಹೇಗೆ ಪತ್ತೆಹಚ್ಚುತ್ತಾರೆ?

ನಿಜ ಹೇಳಬೇಕೆಂದರೆ, ಬಹಳ ಸಲ ತಡವಾಗಿ. ಅಲ್ಲಿ ವರ್ಷಕ್ಕೆ ಇನ್ನೂರರ ಆಸುಪಾಸಿನಲ್ಲಷ್ಟೇ ಹೊಸ ರೋಗಿಗಳು ಸಿಗುವುದರಿಂದ ಎಷ್ಟೋ ವೈದ್ಯರು ಇದನ್ನು ಕಣ್ಣಾರೆ ಕಂಡಿರುವುದಿಲ್ಲ. ಮಚ್ಚೆ ಕಂಡರೆ ಹುಳುಕಡ್ಡಿ ಎಂದು ಮುಲಾಮು ಬರೆದುಕೊಡುತ್ತಾರೆ, ಕೈ ಜೋಮು ಹಿಡಿದರೆ ಸಕ್ಕರೆ ಕಾಯಿಲೆಯನ್ನು ಹುಡುಕುತ್ತಾರೆ.

ಸುಳಿವು ಇರುವುದು ಸ್ಪರ್ಶದಲ್ಲಿ. ರೋಗಿ ಕಣ್ಣು ಮುಚ್ಚಬೇಕು; ವೈದ್ಯರು ಹತ್ತಿಯ ಎಳೆಯನ್ನು ಮಚ್ಚೆಗೆ ತಾಗಿಸಿ, ಎಲ್ಲಿ ಮುಟ್ಟಿದೆ ಎಂದು ಬೆರಳಿಟ್ಟು ತೋರಿಸಲು ಹೇಳುತ್ತಾರೆ. ತೋರಿಸಲಾಗದಿದ್ದರೆ ಅನುಮಾನ ಗಟ್ಟಿ. ತೊನ್ನು ಹಾಲಿನಂತೆ ಬೆಳ್ಳಗಿದ್ದರೂ ಸ್ಪರ್ಶ ಇರುತ್ತದೆ. ಕುಷ್ಠದ ಮಚ್ಚೆ ಬರೀ ಮಾಸಲು ಅಥವಾ ಕೆಂಪು. ಆದರೆ ಸ್ಪರ್ಶ ಉಳಿದಿರುವ ಬಗೆಯೂ ಉಂಟು. ಹಾಗಾಗಿ ಮೊಣಕೈಯ ಒಳಬದಿಯ ಹಿಂದೆ, ಕಿವಿಯ ಕೆಳಗೆ ಕುತ್ತಿಗೆಯಲ್ಲಿ ನರ ಹಗ್ಗದಂತೆ ದಪ್ಪಗಾಗಿದೆಯೇ ಎಂದು ಮುಟ್ಟಿ ನೋಡಬೇಕು.

ಇದರ ರೋಗಾಣುವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಲು ಬರುವುದಿಲ್ಲ. ಚರ್ಮದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಮುಖ್ಯ ದಾರಿ. ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿರುವ ರಾಷ್ಟ್ರೀಯ ಹ್ಯಾನ್ಸನ್ ಕಾಯಿಲೆ (ಕುಷ್ಠರೋಗದ ಇನ್ನೊಂದು ಹೆಸರು) ಕೇಂದ್ರ ಇದಕ್ಕೆ ನೆರವಾಗುತ್ತದೆ.

ಹುಟ್ಟಿದ ಊರನ್ನೂ ಕೇಳಬೇಕು. ಸೋಂಕು ತಗುಲಿ ಲಕ್ಷಣ ಕಾಣಲು ಸರಾಸರಿ 5 ವರ್ಷ, ಕೆಲವೊಮ್ಮೆ 20 ವರ್ಷ ಹಿಡಿಯುತ್ತದೆ. ಭಾರತದಿಂದ ಹೋಗಿ ನೆಲೆಸಿದವರು ವೈದ್ಯರಿಗೆ ಅದನ್ನು ತಾವಾಗಿಯೇ ಹೇಳುವುದು ಒಳ್ಳೆಯದು. ವಿದೇಶಕ್ಕೇ ಹೋಗದ ಅಮೆರಿಕನ್ನರಿಗೂ ಬರುತ್ತದೆ: ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಆರ್ಮಡಿಲ್ಲೊ ಎಂಬ ಚಿಪ್ಪಿನ ಪ್ರಾಣಿ ಈ ರೋಗಾಣುವನ್ನು ಹೊತ್ತು ತಿರುಗುತ್ತದೆ.